ಕಾಲೇ ಸ್ಟ್ಯಾಂಡು ಆಗಿದ್ದ ಕಾಲ

ಮರಗೆಲಸದ ಚರಿತ್ರೆ ಅಂದ ಕೂಡಲೇ ನಮಗೆ ನೆನಪಾಗೋದು ಕತ್ತರಿಸುವ ಸಾಮಾನುಗಳು. ಕೊಡಲಿ, ಬಾಚಿ, ಉಳಿ, ಗರಗಸ. ಆದರೆ ಗರಗಸ ಆಡುವಾಗ ಮರ ಅಲುಗಾಡದ ಹಾಗೆ ಹಿಡಿದದ್ದು ಯಾವುದು ಅಂತ ಯಾರೂ ಕೇಳೋದಿಲ್ಲ. ಕೆಲಸ ಉಳಿಯುತ್ತೆ, ಸಾಮಾನು ತುಕ್ಕು ಹಿಡಿದಾದರೂ ಅಟ್ಟದ ಮೇಲೆ ಉಳಿಯುತ್ತೆ. ಮರ ಹಿಡಿದಿದ್ದ ಆಸರೆ ಮಾತ್ರ ಉಳಿಯೋದಿಲ್ಲ.

ನಮ್ಮ ಬಾಗಲಕೋಟೆ ಜಿಲ್ಲೆಯ ಐಹೊಳೆಯಲ್ಲಿ ಲಾಡಖಾನ್ ಗುಡಿ ನೋಡಿದವರಿಗೆ ಅದರ ಮಾಡು ನೆನಪಿರಬಹುದು. ಇಳಿಜಾರಾಗಿ ಕಲ್ಲಿನ ಚಪ್ಪಡಿ ಹೊದಿಸಿ, ಚಪ್ಪಡಿಗಳ ಸಂದು ಮುಚ್ಚಲು ಉದ್ದುದ್ದ ಕಲ್ಲಿನ ಪಟ್ಟಿ ಇಟ್ಟಿದ್ದಾರೆ. ದೂರದಿಂದ ನೋಡಿದರೆ ಮರದ ತೊಲೆ ಸಾಲಾಗಿ ಇಟ್ಟ ಹಾಗೇ ಕಾಣುತ್ತೆ. ಮರದಲ್ಲಿ ಮನೆ ಕಟ್ಟುತ್ತಿದ್ದವರ ಅಭ್ಯಾಸ ಕಲ್ಲಿಗೆ ಬಂದ ಗುರುತು ಅದು ಅಂತ ಬಲ್ಲವರು ಹೇಳ್ತಾರೆ. ಅಂದರೆ ಚಾಲುಕ್ಯರ ಕಾಲಕ್ಕೇ ಈ ಸೀಮೆಯಲ್ಲಿ ಬಡಿಗರ ಕೈ ಪಳಗಿತ್ತು. ಅವರು ತೊಲೆ ಕೊಯ್ದದ್ದು ಯಾವುದರ ಮೇಲೆ ಇಟ್ಟು? ಅದಕ್ಕೆ ಕಲ್ಲಿನಲ್ಲಿ ಉತ್ತರ ಇಲ್ಲ.

ಬೇರೆ ದೇಶಗಳಲ್ಲಿ ಸ್ವಲ್ಪ ಸುಳಿವು ಸಿಗುತ್ತೆ. ಈಜಿಪ್ಟಿನಲ್ಲಿ ರೆಖ್ಮಿರೆ ಅನ್ನೋ ಮಂತ್ರಿಯ ಗೋರಿಯ ಗೋಡೆ ಮೇಲೆ ಬಡಗಿಗಳ ಚಿತ್ರ ಇದೆ, ಸುಮಾರು 3,400 ವರ್ಷ ಹಿಂದಿನದು. ಅಲ್ಲಿ ಒಬ್ಬ ಮರದ ತುಂಡನ್ನು ನೆಟ್ಟ ಕಂಬಕ್ಕೆ ಹಗ್ಗದಿಂದ ಬಿಗಿದು ಮೇಲಿಂದ ಕೆಳಗೆ ಕೊಯ್ಯುತ್ತಿದ್ದಾನೆ. ಒಂದು ಕಂಬ, ಒಂದು ಹಗ್ಗ, ಅಷ್ಟೇ ಅವನ ಸ್ಟ್ಯಾಂಡು. ರೋಮನ್ನರ ಹರ್ಕ್ಯುಲೇನಿಯಮ್ಮಿನ ಗೋಡೆ ಚಿತ್ರದಲ್ಲಿ ಗಿಡ್ಡ ಕಾಲಿನ ಬೆಂಚಿದೆ. ಎತ್ತರದ, ನಿಂತು ಕೆಲಸ ಮಾಡುವ ಬೆಂಚು ಯುರೋಪಿನಲ್ಲಿ ಬಂದದ್ದು ಆಮೇಲೆ. 1769ರಿಂದ ಫ್ರಾನ್ಸಿನ ಆಂದ್ರೆ ರೂಬೋ ಮರಗೆಲಸದ ಬಗ್ಗೆ ದೊಡ್ಡ ಗ್ರಂಥ ಹೊರತರುವ ಹೊತ್ತಿಗೆ ಅಲ್ಲಿ ದಪ್ಪ ಹಲಗೆಯ ಭಾರೀ ಬೆಂಚು ಬಡಗಿಯ ಆಸ್ತಿಯೇ ಆಗಿಬಿಟ್ಟಿತ್ತು.

ನಮ್ಮಲ್ಲಿ ಆ ಬೆಂಚು ಬರಲಿಲ್ಲ. ಬರಬೇಕಾದ ಅಗತ್ಯವೂ ಇರಲಿಲ್ಲ. ಕಂಪನಿ ಸರ್ಕಾರದ ಕಾಲದಲ್ಲಿ ಬರೆಸಿದ ಕಸುಬುದಾರರ ಚಿತ್ರಗಳನ್ನು ನೋಡಿ, ಬಡಗಿ ನೆಲದ ಮೇಲೆ ಕೂತಿರುತ್ತಾನೆ. ಮರವನ್ನು ಪಾದದಿಂದ ಅದುಮಿ ಹಿಡಿದಿರುತ್ತಾನೆ. ಎರಡು ಕೈಯೂ ಸಾಮಾನಿಗೆ ಬಿಟ್ಟುಕೊಟ್ಟು, ಹಿಡಿಯುವ ಕೆಲಸವನ್ನೆಲ್ಲ ಕಾಲಿಗೆ ವಹಿಸಿರುತ್ತಾನೆ. ನಮ್ಮ ಮನೆಯಲ್ಲೂ ಹಾಗೇ ಇತ್ತು (ನಮ್ಮದು ಜಮಖಂಡಿ ಕಡೆಯ ಬಡಿಗೇರ ಮನೆತನ, ನಾನೊಬ್ಬ ಕಂಪ್ಯೂಟರ್ ಹಿಡಿದೆ). ನಮ್ಮ ಅಜ್ಜನ ಪಾದ ಅಗಲವಾಗಿ, ಹೆಬ್ಬೆರಳು ಉಳಿದ ಬೆರಳುಗಳಿಂದ ದೂರ ಸರಿದು ಇಕ್ಕಳದ ಹಾಗೆ ಆಗಿತ್ತು. ಚಪ್ಪಲಿ ಹೊಲಿಯುವವರು ಅಳತೆ ತಗೊಳ್ಳುವಾಗ ನಗುತ್ತಿದ್ದರಂತೆ.

ಇದನ್ನು ಹಿಂದುಳಿದ ಪದ್ಧತಿ ಅಂತ ಬರೆದ ಬಿಳಿಯರು ಇದ್ದಾರೆ. ನನಗೆ ಹಾಗನ್ನಿಸೋದಿಲ್ಲ. ಕಾಲು ಮರವನ್ನು ಬಿಗಿಯಾಗಿ ಹಿಡಿಯುತ್ತೆ, ಬೇಕಾದ ಕ್ಷಣಕ್ಕೆ ಬಿಡುತ್ತೆ, ಓರೆ ಮಾಡುತ್ತೆ, ಮರ ಸೀಳೋ ಸೂಚನೆ ಬಂದರೆ ಕಣ್ಣಿಗಿಂತ ಮೊದಲು ತಿಳಿದುಕೊಳ್ಳುತ್ತೆ. ಊರಿಂದ ಊರಿಗೆ ಹೊತ್ತು ಒಯ್ಯುವ ಕಷ್ಟವಿಲ್ಲ, ದುಡ್ಡೂ ಇಲ್ಲ. ಕೈಗರಗಸದ ವೇಗ ಕೈಯ ವೇಗ. ತಪ್ಪಿದರೂ ಗೀರು ಬೀಳುತ್ತೆ, ಬೆರಳು ಹೋಗೋದಿಲ್ಲ. ಈ ಕೊನೆಯ ಮಾತನ್ನು ನೆನಪಿಟ್ಟುಕೊಂಡಿರಿ, ಮುಂದೆ ಬೇಕಾಗುತ್ತೆ.

ದೊಡ್ಡ ದಿಮ್ಮಿಗೆ ಮಾತ್ರ ಕಾಲು ಸಾಲುತ್ತಿರಲಿಲ್ಲ. ಅದನ್ನು ಹಲಗೆ ಮಾಡಲು ಇಬ್ಬರು ಬೇಕು, ಒಬ್ಬ ಮೇಲೆ, ಒಬ್ಬ ಕೆಳಗೆ. ಸಾಮಿಲ್ಲು ಬರುವ ಮೊದಲು ಕೊಯ್ಯುವವರು ಮರ ಬಿದ್ದ ಹೊಲಕ್ಕೇ ಹೋಗುತ್ತಿದ್ದರು. ಎರಡು ಗಟ್ಟಿ ಬೊಡ್ಡೆಗಳನ್ನು ಕತ್ತರಿಯ ಹಾಗೆ ಅಡ್ಡಡ್ಡ ನಿಲ್ಲಿಸಿ, ಕೂಡಿದ ಕಡೆ ಹಗ್ಗ ಸುತ್ತಿ, ಆ ಕವೆಯ ಮೇಲೆ ದಿಮ್ಮಿಯ ಒಂದು ತುದಿ ಎತ್ತಿ ಇಡುತ್ತಿದ್ದರು. ಓರೆಯಾಗಿ ನಿಂತ ದಿಮ್ಮಿ ಮೇಲೆ ಒಬ್ಬ ಹತ್ತಿದರೆ ಇನ್ನೊಬ್ಬ ಕೆಳಗೆ ಕೂತು ಎಳೆಯುತ್ತಿದ್ದ. ಹೊಟ್ಟೆಲ್ಲ ಅವನ ಕಣ್ಣಿಗೆ. ಕೆಲಸ ಮುಗಿದ ಮೇಲೆ ಹಗ್ಗ ಬಿಚ್ಚಿಕೊಂಡು ಹೊರಡುತ್ತಿದ್ದರು, ಬೊಡ್ಡೆ ಅಲ್ಲೇ ಉರುವಲಾಗುತ್ತಿತ್ತು. ನನ್ನ ಲೆಕ್ಕದಲ್ಲಿ ನಮ್ಮ ಸೀಮೆಯ ಮೊದಲ ಹೊತ್ತೊಯ್ಯುವ ಸ್ಟ್ಯಾಂಡು ಇದೇ. ಹೊತ್ತದ್ದು ಹಗ್ಗ ಮತ್ತು ಮಾಡುವ ವಿದ್ಯೆ, ಇಷ್ಟೇ.

ಊರ ಬಡಿಗನಿಗೆ ಅಷ್ಟು ತಿರುಗಾಟ ಇರಲಿಲ್ಲ. ಅವನು ಆಯಗಾರ. ರೈತರ ರಂಟಿ, ಕುಂಟಿ, ಕೂರಿಗಿ, ಚಕ್ಕಡಿ ಇವನ್ನು ಮಾಡಿ ರಿಪೇರಿ ಮಾಡಿಕೊಡಬೇಕು, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಕಾಳು ತರಬೇಕು. ಕೆಲಸ ಅವನ ಮನೆ ಮುಂದಿನ ಬೇವಿನ ಗಿಡದ ಕೆಳಗೇ ಬರುತ್ತಿತ್ತು. ಅಲ್ಲೊಂದು ಅರ್ಧ ಹೂತ ಜಾಲಿ ಕೊರಡು, ಬಾಚಿ ಏಟು ತಿಂದು ತಿಂದು ತೆಗ್ಗಾಗಿರುತ್ತಿತ್ತು. ಊರಲ್ಲಿ ಪಟವರ್ಧನರ ಸಂಸ್ಥಾನ ಇದ್ದಾಗಲೂ, 1948ರಲ್ಲಿ ಜಮಖಂಡಿ, ಮುಧೋಳ ಸಂಸ್ಥಾನಗಳು ಮುಂಬಯಿ ಪ್ರಾಂತ್ಯಕ್ಕೆ ಸೇರಿದಾಗಲೂ ಆ ಕೊರಡು ಮಾತ್ರ ಜಾಗ ಬಿಟ್ಟು ಕದಲಲಿಲ್ಲ.

ಇನ್ನೊಂದು ವಿಷಯ. ಈ ಕೆಲಸಗಳಲ್ಲಿ 45 ಡಿಗ್ರಿ ಓರೆ ಕೊಯ್ತ ಬೇಕಾಗುತ್ತಲೇ ಇರಲಿಲ್ಲ. ಹಳೇ ಮನೆಯ ಬಾಗಿಲ ಚೌಕಟ್ಟು ನೋಡಿ. ಒಂದು ಮರದ ತುದಿಯನ್ನು ಸಣ್ಣದು ಮಾಡಿ ಇನ್ನೊಂದರ ತೂತಿನಲ್ಲಿ ಕೂಡಿಸಿ ಬೆಣೆ ಹೊಡೆದಿರುತ್ತಾರೆ. ಎಲ್ಲ ನೇರ ಮೂಲೆ. ಒಂದು ಮೂಲೆಮಟ್ಟ ಇದ್ದರೆ ಮುಗಿಯಿತು. ಭಾರ ಹೊರುವ ಚೌಕಟ್ಟಿಗೆ ಅದೇ ಸರಿ. ಓರೆ ಕೊಯ್ದು ಅಂಟಿಸಿದ ಮೂಲೆ ಚಂದಕ್ಕೆ, ಭಾರಕ್ಕಲ್ಲ.

ಹಾಗಾದರೆ ಈ ಚಂದದ ಮೂಲೆ ನಮ್ಮ ಮನೆಗಳ ಒಳಗೆ ಯಾವಾಗ ಬಂತು? ನನ್ನ ಊಹೆ, ದೇವರ ಫೋಟೋ ಜೊತೆ ಬಂತು. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಬಣ್ಣದ ಚಿತ್ರಗಳ ಛಾಪಖಾನೆ ಶುರು ಮಾಡಿದ ಮೇಲೆ ಲಕ್ಷ್ಮಿ, ಸರಸ್ವತಿ ಕಾಗದದ ಮೇಲೆ ಅಗ್ಗಕ್ಕೆ ಸಿಗತೊಡಗಿದರು. ಕಾಗದಕ್ಕೆ ಗಾಜು ಬೇಕು, ಗಾಜಿಗೆ ಕಟ್ಟು ಬೇಕು. ನಮ್ಮ ಕಡೆ ಈಗಲೂ ‘ಫೋಟೋಕ್ಕ ಕಟ್ಟ ಹಾಕಸೂದು’ ಅಂತಾರಲ್ಲ, ಆ ಕಟ್ಟಿನ ನಾಲ್ಕೂ ಮೂಲೆ 45 ಡಿಗ್ರಿ. ಹೂಬಳ್ಳಿ ಕೆತ್ತಿದ ಪಟ್ಟಿಯನ್ನು ನೇರ ಕೊಯ್ದು ಕೂಡಿಸಿದರೆ ಬಳ್ಳಿ ಮೂಲೆಯಲ್ಲಿ ಕಡಿದುಹೋಗುತ್ತೆ. ಓರೆ ಕೊಯ್ದರೆ ತಿರುಗಿಕೊಂಡು ಮುಂದೆ ಹೋಗುತ್ತೆ.

ಇದಕ್ಕೆ ಕಾಲಿನ ಹಿಡಿತ ಸಾಲದು. ಲೆಕ್ಕ ನೋಡಿ. ನಾಲ್ಕು ಮೂಲೆಗೆ ಎಂಟು ಕೊಯ್ತ. ಒಂದೊಂದು ಕೊಯ್ತದಲ್ಲಿ ಅರ್ಧ ಡಿಗ್ರಿ ಒಂದೇ ಕಡೆಗೆ ತಪ್ಪಿದರೂ ಕೊನೆಯ ಮೂಲೆಯಲ್ಲಿ ನಾಲ್ಕು ಡಿಗ್ರಿ ಬಾಯಿ ಬಿಡುತ್ತೆ. ಅದಕ್ಕೇ ಮೂರು ಹಲಗೆಯ ತೊಟ್ಟಿಯಂಥ ಮೈಟರ್ ಪೆಟ್ಟಿಗೆ ಇರೋದು. ಅದರ ಗೋಡೆಗಳಲ್ಲಿ ಓರೆಯಾಗಿ ಸೀಳು ಕೊರೆದಿರುತ್ತಾರೆ, ಗರಗಸ ಆ ಸೀಳಿನಲ್ಲಷ್ಟೇ ಆಡಬೇಕು. ಅಮೆರಿಕದಲ್ಲಿ 1860ರ ದಶಕದಿಂದ ಇದರ ಕಬ್ಬಿಣದ ರೂಪ ಬಂತು, ಬೇಕಾದ ಕೋನಕ್ಕೆ ತಿರುಗಿಸಿ ಬಿಗಿಯುವಂಥದ್ದು. ಬಡಗಿಯ ಕಣ್ಣಲ್ಲಿದ್ದ ಕೋನ ಆಸರೆಯೊಳಗೆ ಹೋಗಿ ಸೇರಿದ್ದು ಹೀಗೆ.

ಆಮೇಲೆ ಮೋಟಾರು ಬಂತು. 1920ರ ದಶಕದಲ್ಲಿ ಅಮೆರಿಕದ ರೇಮಂಡ್ ಡಿವಾಲ್ಟ್ ಚಾಚಿದ ತೋಳಿಗೆ ಗರಗಸ ನೇತುಹಾಕಿ ಒಂದು ಯಂತ್ರ ಮಾಡಿದ. ಭಾರದ ಯಂತ್ರ, ಶೆಡ್ಡಿನಲ್ಲೇ ಇರಬೇಕು. 1960ರ ದಶಕದಲ್ಲಿ ಮೈಟರ್ ಪೆಟ್ಟಿಗೆಯ ಮೇಲೇ ಮೋಟಾರು ಕೂರಿಸಿ, ಮೇಲಿಂದ ಕೆಳಗೆ ಒತ್ತಿದರೆ ಕೊಯ್ಯುವ ಮೈಟರ್ ಸಾ ಮಾರುಕಟ್ಟೆಗೆ ಬಂತು. ಇದನ್ನು ಒಬ್ಬನೇ ಎತ್ತಿಕೊಂಡು ಕಟ್ಟಡದ ಕೆಲಸಕ್ಕೆ ಒಯ್ಯಬಹುದು.

ಇಲ್ಲಿ ಒಂದು ದೊಡ್ಡ ಬದಲಾವಣೆ ಆಯಿತು. ಸಾವಿರಾರು ವರ್ಷ ಗರಗಸ ಮರದ ಹತ್ತಿರ ಹೋಗುತ್ತಿತ್ತು. ಈಗ ಮರ ಗರಗಸದ ಹತ್ತಿರ ಬರಬೇಕು. ಯಂತ್ರದ ಮೇಜು ಅಬ್ಬಬ್ಬಾ ಅಂದರೆ ಎರಡು ಅಡಿ ಅಗಲ, ಬರುವ ಪಟ್ಟಿ ಏಳೆಂಟು ಅಡಿ ಉದ್ದ. ಉಳಿದ ಉದ್ದವನ್ನು ಯಾರು ಹೊರಬೇಕು? ಹೊರದಿದ್ದರೆ ಏನಾಗುತ್ತೆ ಅಂದರೆ, ತುದಿ ತನ್ನ ಭಾರಕ್ಕೆ ಜೋಲುತ್ತೆ, ಕೊಯ್ತದ ಸೀಳು ಮುಚ್ಚಿಕೊಂಡು ಬ್ಲೇಡನ್ನು ಅಮುಕುತ್ತೆ, ಬ್ಲೇಡು ಮರವನ್ನು ಎತ್ತಿ ಒಗೆಯುತ್ತೆ. ಹತ್ತು ಇಂಚಿನ ಬ್ಲೇಡು ನಿಮಿಷಕ್ಕೆ 4,800 ಸುತ್ತು ತಿರುಗಿದರೆ ಅದರ ಹಲ್ಲಿನ ವೇಗ ಗಂಟೆಗೆ ಸುಮಾರು 230 ಕಿಲೋಮೀಟರ್. ಆ ವೇಗದ ಎದುರು ಕೈ ಹಿಂದೆ ತಗೊಳ್ಳಲು ಮನುಷ್ಯನಿಗೆ ಪುರುಸೊತ್ತಿಲ್ಲ.

ರಬಕವಿ-ಬನಹಟ್ಟಿಯ ನೇಕಾರರು ಇಂಥದೇ ತಿರುವನ್ನು ದಾಟಿದವರು. ಕುಣಿ ಮಗ್ಗದಲ್ಲಿ ನೇಕಾರ ನೆಲದ ಮಟ್ಟಕ್ಕೆ ಕೂತು, ತೆಗ್ಗಿನೊಳಗೆ ಕಾಲು ಇಳಿಬಿಟ್ಟು, ಕಾಲಿನಿಂದಲೇ ತುಳಿಗೋಲು ಆಡಿಸುತ್ತಿದ್ದ. ಅಲ್ಲೂ ನೆಲವೇ ಆಸರೆ, ಕಾಲೇ ಯಂತ್ರದ ಅರ್ಧ ಭಾಗ. ವಿದ್ಯುತ್ ಮಗ್ಗ ಬಂದಾಗ ಅದು ತನ್ನ ಕಬ್ಬಿಣದ ಚೌಕಟ್ಟನ್ನು ತಾನೇ ತಂದುಕೊಂಡು ಬಂತು. ಅದನ್ನು ಕುಣಿಯಲ್ಲಿ ಕೂರಿಸುತ್ತೇನೆ ಅಂದರೆ ಆಗೋದಿಲ್ಲ. ಮೋಟಾರಿನ ಜೊತೆ ಆಸರೆ ಕಡ್ಡಾಯವಾಗಿ ಬಂತು, ನೇಕಾರ ಎದ್ದು ನಿಂತ.

ಬಡಿಗರ ವಿಷಯದಲ್ಲಿ ಹಾಗಾಗಲಿಲ್ಲ. ಮೋಟಾರು ಬಂತು, ಆಸರೆ ಬರಲಿಲ್ಲ. ನಮ್ಮ ಕಡೆ ಮೊದಲು ಬಂದದ್ದು ಮೈಟರ್ ಸಾ ಅಲ್ಲ, ನಾಲ್ಕು ಇಂಚಿನ ಕಟ್ಟರ್. ಹಾಸುಗಲ್ಲು ಕೊಯ್ಯಲು ಮಾಡಿದ ಮಶೀನಿಗೆ ಮರದ ಬ್ಲೇಡು ಹಾಕಿಕೊಂಡರು. ಅಗ್ಗ, ಹಗುರ, ಚೀಲದಲ್ಲಿ ಹಿಡಿಸುತ್ತೆ. ಕೂತದ್ದು ಮಾತ್ರ ಅಜ್ಜ ಕೂತ ಹಾಗೇ ನೆಲದ ಮೇಲೆ. ಹಿಡಿದದ್ದೂ ಅಜ್ಜ ಹಿಡಿದ ಹಾಗೇ ಪಾದದಿಂದ! ಕೈಗರಗಸಕ್ಕೆ ಹೊಂದಿದ್ದ ಕಾಲು, ಆ ವಿದ್ಯೆಯನ್ನು ಮರೆಯದೆ, ಮೋಟಾರಿನ ಎದುರು ಬಂದು ಕೂತಿತು. ಪ್ಲೈವುಡ್ ಕೆಲಸ ನಡೆಯೋ ಯಾವ ಮನೆಗೆ ಬೇಕಾದರೂ ಹೋಗಿ ನೋಡಿ, ಇದು ಕಾಣುತ್ತೆ. ನಮ್ಮ ಕಾಕಾನ ಮಗ, ಜಮಖಂಡಿಯಲ್ಲಿ ಬಡಿಗತನ ಮಾಡುವ ನನ್ನ ತಮ್ಮ, ಅವನ ಎಡಗಾಲ ಹೆಬ್ಬೆರಳ ಬುಡದಲ್ಲಿ ಏಳು ಹೊಲಿಗೆಯ ಗುರುತಿದೆ. ಒಂದೂವರೆ ತಿಂಗಳು ಕೂಲಿ ಹೋಯಿತು. ಬೆರಳು ಉಳಿಯಿತು, ಪುಣ್ಯ.

ಅದಾದ ಮೇಲೆ ಅವನು ಸಾಲ ಮಾಡಿ ಹತ್ತು ಇಂಚಿನ ಮೈಟರ್ ಸಾ ತಗೊಂಡ. ಫೋನಿನಲ್ಲಿ ಹೇಳಿದ್ದು ಇದು:

“ಅಣ್ಣಾ, ಮಶೀನ್ ಏನೋ ಚಲೋ ಐತಿ. ನೆಲದ ಮ್ಯಾಲ ಇಟ್ಟು ಕೊಯ್ಯೂದ್ರಾಗ ಬೆನ್ನ ಬಿದ್ದ ಹೋಗೇತಿ. ಸ್ಟ್ಯಾಂಡ್ ಯಾವ್ದ ತಗೋಳ್ಳಿ, ನೀನs ನೋಡಿ ಹೇಳ.”

ಮೊದಲಾಗಿದ್ದರೆ ಬೇವಿನ ಗಿಡದ ಕೆಳಗೆ ಒಂದು ಗಟ್ಟಿ ಬೆಂಚು ಹೊಡೆಸು ಅನ್ನಬಹುದಿತ್ತು. ಆದರೆ ಈಗ ಕೆಲಸ ಗಿಡದ ಕೆಳಗೆ ಬರೋದಿಲ್ಲ. ಟ್ರ್ಯಾಕ್ಟರು ಬಂದು ರಂಟಿ ಕೂರಿಗಿ ಮೂಲೆ ಸೇರಿದವು. ಅತ್ತ ಆಲಮಟ್ಟಿಯಲ್ಲಿ 519.6 ಮೀಟರ್ ಮಟ್ಟಕ್ಕೆ ನೀರು ನಿಲ್ಲಿಸಲು 2000ದಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. ಬೀಳಗಿ ತಾಲೂಕಿನ ಎಷ್ಟೋ ಊರುಗಳ ಮನೆಗಳು ಹಿನ್ನೀರಿಗೆ ಹೋದವು, ಹೊಸ ಪುನರ್ವಸತಿ ಕೇಂದ್ರಗಳಲ್ಲಿ ಮನೆ ಎದ್ದವು. ಇವತ್ತು ಬಡಿಗ ಅಂದರೆ ಒಂದು ವಾರ ಮುಧೋಳದಲ್ಲಿ ಅಡಿಗೆಮನೆ ಕಪಾಟು, ಮುಂದಿನ ವಾರ ಬೀಳಗಿಯಲ್ಲಿ ಬಾಗಿಲು. ಆಸರೆಯೂ ಅವನ ಜೊತೆ ಗಾಡಿ ಹತ್ತಬೇಕು.

ಹೊತ್ತೊಯ್ಯುವ ಆಸರೆಯ ಚರಿತ್ರೆಯಲ್ಲಿ ಒಬ್ಬನನ್ನು ಬಿಡೋ ಹಾಗಿಲ್ಲ. ರಾನ್ ಹಿಕ್‌ಮನ್, ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿ ಇಂಗ್ಲೆಂಡಿಗೆ ಹೋಗಿ ಲೋಟಸ್ ಕಂಪನಿಯ ಎಲಾನ್ ಕಾರು ವಿನ್ಯಾಸ ಮಾಡಿದವನು. 1961ರಲ್ಲಿ ಮನೆಯಲ್ಲಿ ಕಪಾಟು ಮಾಡಲು ಹೋಗಿ, ಹಲಗೆಯನ್ನು ಒಂದು ದುಬಾರಿ ಸ್ವೀಡಿಷ್ ಕುರ್ಚಿ ಮೇಲಿಟ್ಟು ಕೊಯ್ಯುತ್ತಾ ಕುರ್ಚಿಯನ್ನೂ ಕೊಯ್ದ. ಆ ಹೊಟ್ಟೆಕಿಚ್ಚಿಗೆ ಮಡಚುವ ಬೆಂಚು ಕಂಡುಹಿಡಿದ, ಅದರ ಮೇಲ್ಭಾಗವೇ ಎರಡು ಹಲಗೆಯ ಇಕ್ಕಳ. ದೊಡ್ಡ ಕಂಪನಿಗಳು ಬೇಡ ಅಂದವು. ಅವನೇ 1968ರಿಂದ ಮಾಡಿ ಮಾರಿದ. ಕಡೆಗೆ ಬ್ಲ್ಯಾಕ್ ಅಂಡ್ ಡೆಕ್ಕರ್ ‘ವರ್ಕ್‌ಮೇಟ್’ ಅಂತ ತಯಾರಿಸಿತು, ಕೋಟಿಗಟ್ಟಲೆ ಹೋದವು. ಅವನು ತೀರಿಕೊಂಡದ್ದು 2011ರಲ್ಲಿ. ಈಗಿನ ಮಡಚುವ ಸ್ಟ್ಯಾಂಡುಗಳೆಲ್ಲ ಒಂದು ರೀತಿಯಲ್ಲಿ ಆ ಕುರ್ಚಿಯ ಮಕ್ಕಳು.

ಸರಿ, ತಮ್ಮನಿಗೆ ಯಾವುದು? ಮೂರು ಬಗೆ ನೋಡಿದೆ.

ಒಂದು, ಹಿಕ್‌ಮನ್ ಥರದ ಮಡಚುವ ಬೆಂಚು. ಬೆಲೆ ಕಡಿಮೆ, ಹಗುರ. ಆದರೆ ಅಗಲ ಎರಡು ಎರಡೂವರೆ ಅಡಿ. ಮಶೀನ್ ಕೂರುತ್ತೆ, ಏಳಡಿ ಪಟ್ಟಿಯ ತುದಿ ಗಾಳಿಯಲ್ಲೇ. ನಾವು ತಪ್ಪಿಸಬೇಕು ಅಂದುಕೊಂಡ ತೊಂದರೆ ಹಾಗೇ ಉಳೀತು.

ಎರಡು, ಚಕ್ರದ ಸ್ಟ್ಯಾಂಡು. ಮಶೀನ್ ಬಿಚ್ಚುವ ಹಾಗೇ ಇಲ್ಲ, ಮಡಚಿ ಆಸ್ಪತ್ರೆ ಗಾಡಿಯಂತೆ ತಳ್ಳಿಕೊಂಡು ಹೋಗಬಹುದು. ನೋಡೋಕೆ ಚಂದ. ಆದರೆ ಸ್ಟ್ಯಾಂಡೇ 30 ಕೆಜಿ ದಾಟುತ್ತೆ, ಮಶೀನ್ ಸೇರಿದರೆ ಇಬ್ಬರು ಎತ್ತಬೇಕು. ನುಣ್ಣನೆ ಡಾಂಬರಿನ ಮೇಲೆ ಚಕ್ರ ಓಡುತ್ತೆ. ಉಸುಕು, ಖಡಿ, ಇಟ್ಟಂಗಿ ಚೂರು ಬಿದ್ದ ನಮ್ಮ ಕಟ್ಟಡದ ಅಂಗಳದಲ್ಲಿ, ಮಳೆ ಬಿದ್ದ ಎರಿಮಣ್ಣಿನಲ್ಲಿ ಆ ಚಕ್ರ ಬರೀ ಭಾರ.

ಮೂರು, ಮಡಚುವ ಕಾಲು ಮತ್ತು ಎರಡೂ ಕಡೆ ಚಾಚುವ ತೋಳಿನ ಸ್ಟ್ಯಾಂಡು. ಸುಮಾರು 15 ಕೆಜಿ. ಮಶೀನನ್ನು ಒಂದು ಕ್ಷಣದಲ್ಲಿ ಬಿಚ್ಚಿ ಬೇರೆ ಒಯ್ಯಬಹುದು, ಎರಡೂ ಬೇರೆ ಬೇರೆ ಆದ್ದರಿಂದ ಒಬ್ಬನೇ ಟಂಟಂಗೆ ಏರಿಸಬಹುದು. ತೋಳು ಚಾಚಿದರೆ ಎಂಟಡಿ ಪಟ್ಟಿಗೂ ಎರಡು ಕಡೆ ಆಸರೆ.

ತೂಕ ಹೊರುವ ಶಕ್ತಿಯ ಬಗ್ಗೆ ಅಂಗಡಿಯವರು ಬಹಳ ಹೇಳ್ತಾರೆ. ಮಶೀನ್ ಇರೋದೇ 15ರಿಂದ 25 ಕೆಜಿ, ಅದು ದೊಡ್ಡ ಮಾತಲ್ಲ. ಕೇಳಬೇಕಾದದ್ದು ಬೇರೆ. ಮಶೀನಿನ ತಲೆ ಕೆಳಗೆ ಒತ್ತಿ ಬಿಟ್ಟಾಗ ಸ್ಟ್ಯಾಂಡು ಓಲಾಡುತ್ತಾ? ಒಂದು ಕಾಲನ್ನಾದರೂ ಉದ್ದ ಗಿಡ್ಡ ಮಾಡಬಹುದಾ? ಮೂರು ಕಾಲು ಯಾವ ನೆಲದ ಮೇಲೂ ನಿಲ್ಲುತ್ತೆ, ನಾಲ್ಕನೆಯದು ಯಾವಾಗಲೂ ತಕರಾರು. ತೋಳಿನ ತುದಿಯ ಆಸರೆ ಮಶೀನಿನ ಮೇಜಿನ ಮಟ್ಟಕ್ಕೆ ಸರಿಯಾಗಿ ಬರುತ್ತಾ? ಎರಡು ಮಿಲಿಮೀಟರ್ ಮೇಲೆ ಕೆಳಗೆ ಆದರೂ ಪಟ್ಟಿ ಓರೆ ಕೂತು ಮೂಲೆ ಬಾಯಿ ಬಿಡುತ್ತೆ. ಇನ್ನು ಎತ್ತರ. ನೆಟ್ಟಗೆ ನಿಂತು ಕೈ ಇಳಿಬಿಟ್ಟರೆ ಮಣಿಕಟ್ಟು ಎಲ್ಲಿ ಬರುತ್ತೋ ಮರ ಅಲ್ಲಿರಬೇಕು, ಐದೂವರೆ ಅಡಿಯವನಿಗೆ 85 ಸೆಂಟಿಮೀಟರ್ ಆಸುಪಾಸು. ಮಶೀನಿನ ಮೇಜೇ ನಾಲ್ಕು ಇಂಚು ಎತ್ತರ, ಅದನ್ನು ಕಳೆದು ಸ್ಟ್ಯಾಂಡಿನ ಎತ್ತರ ನೋಡಬೇಕು.

ನಾನು ಮೂರನೆಯದನ್ನು ಹೇಳಿದೆ. ಅವನು ಒಂದು ರಾತ್ರಿ ಯೋಚಿಸಿ, ಕಾಲು ತೋಳು ಇರುವ ಸ್ಟ್ಯಾಂಡು ತಗೊಂಡ. ತೋಳಿನ ತುದಿಯ ಪ್ಲಾಸ್ಟಿಕ್ ಆಸರೆ ಅವನ ಕಣ್ಣಿಗೆ ಬರಲಿಲ್ಲ. ಬಿಚ್ಚಿ ಒಗೆದು, ಮೇಜಿನ ಮಟ್ಟಕ್ಕೆ ಸರಿಯಾಗಿ ಸಾಗವಾನಿ ತುಂಡು ರಂದಾ ಹೊಡೆದು ಕೂರಿಸಿದ. “ಮಂದಿಗೆ ಮಗ್ಗಾ ಮಾಡಿಕೊಟ್ಟ ಮನಿತನ ನಮ್ದು, ನಮಗ ಒಂದ ಅಡ್ಡಪಟ್ಟಿ ಮಾಡ್ಕೊಳ್ಳಾಕ ಬರೂದಿಲ್ಲನ?” ಅಂದ. ದುಡ್ಡಿಲ್ಲದವರು ಏನು ಮಾಡಬೇಕು ಅನ್ನೋದಕ್ಕೂ ಉತ್ತರ ಅದರಲ್ಲೇ ಇದೆ. ನಾಲ್ಕು ಕಾಲಿನ ಎರಡು ಮರದ ಕುದುರೆ, ಮೇಲೊಂದು ನೆಟ್ಟಗಿನ ಹಲಗೆ, ಮಧ್ಯ ಬೋಲ್ಟು ಬಿಗಿದ ಮಶೀನ್, ಎರಡೂ ತುದಿಗೆ ಅದೇ ಎತ್ತರದ ತುಂಡು. ಕೊಂಡದ್ದಕ್ಕಿಂತ ಒಯ್ಯಲು ಕಷ್ಟ, ಕೆಲಸದಲ್ಲಿ ಏನೂ ಕಡಿಮೆಯಿಲ್ಲ.

ನನಗೆ ಈ ಚರಿತ್ರೆಯಲ್ಲಿ ಮುಖ್ಯ ಅನ್ನಿಸಿದ್ದು ಒಂದೇ. ನಮ್ಮ ಹಿರಿಯರ ಹತ್ತಿರ ಬೆಂಚು ಇರಲಿಲ್ಲ ಅಂದರೆ ಆಸರೆ ಇರಲಿಲ್ಲ ಅಂತಲ್ಲ. ಸಾಮಾನಿಗೆ ತಕ್ಕ ಆಸರೆ ಇತ್ತು, ಅದು ಅವರ ಮೈಯೇ ಆಗಿತ್ತು. ಸಾಮಾನು ಬದಲಾದ ದಿನ ಆಸರೆಯೂ ಬದಲಾಗಬೇಕಿತ್ತು. ಬ್ಲೇಡಿಗೆ ದುಡ್ಡು ಕೊಟ್ಟ ನಾವು ಸ್ಟ್ಯಾಂಡನ್ನು ಶೋಕಿ ಅಂದುಕೊಂಡೆವು. ಮನೆ ಕಟ್ಟಿಸುವವರೂ ಅಷ್ಟೇ, ಬಡಿಗ ನೆಲದ ಮೇಲೆ ಕೂತು ಕಾಲಲ್ಲಿ ಹಿಡಿದು ಕೊಯ್ಯೋದನ್ನ ನೋಡಿ ‘ಎಂಥಾ ಕಸುಬು!’ ಅಂತ ಮೆಚ್ಚುತ್ತೇವೆ. ಕೈಗರಗಸ ಇದ್ದರೆ ಮೆಚ್ಚಿ. ವೈರು ಇದ್ದರೆ ತಡೆಯಿರಿ, ಎರಡು ಕುದುರೆ ಮಾಡಿಕೊಳ್ಳಲು ಅರ್ಧ ದಿನದ ಕೂಲಿ ಕೊಡಿ.

ಕೊಯ್ಯುವವರು ದಿಮ್ಮಿ ಎತ್ತಿಡುತ್ತಿದ್ದ ಆ ಕತ್ತರಿಯಂಥ ಬೊಡ್ಡೆ ಜೋಡಿಗೆ ನಿಮ್ಮ ನಿಮ್ಮ ಸೀಮೆಯಲ್ಲಿ ಏನು ಹೆಸರಿದೆ? ಮಲೆನಾಡಿನವರು, ದಾಂಡೇಲಿ ಕಡೆಯವರು, ಕಾಸರಗೋಡಿನವರು ಮನೆಯ ಹಿರಿಯರನ್ನು ಕೇಳಿ ಕೆಳಗೆ ಬರೆದರೆ ಉಪಕಾರ. ಹಳೇ ಫೋಟೋ ಏನಾದರೂ ಇದ್ದರಂತೂ ಇನ್ನೂ ಸಂತೋಷ.